ಗಿಡದ ಬುಡಕ ಕುಂತವರು: ಕನ್ನಡ ಕಾವ್ಯದ ತೋಟಕ್ಕೆ ಯಾರಿಗೆ ಪ್ರವೇಶ?

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂದು ನಮ್ಮ ಕೊಪ್ಪಳ ಸೀಮೆಯಲ್ಲಿ ಒಂದು ಗಾದೆ ಇದೆ. ಕನಕಗಿರಿಯ ಗುಡಿಯ ಕೆತ್ತನೆ ನೋಡಲು ಕಣ್ಣು ಬೇಕು, ಹಂಪಿಯ ಹರಹು ಸುತ್ತಲು ಕಾಲು ಬೇಕು. ಗಾದೆ ಕಟ್ಟಿದವರು ಕಿಸೆಯ ಮಾತು ಎತ್ತಲಿಲ್ಲ.

2019ರಲ್ಲಿ, ನಾನು ಎಂ.ಎ. ಓದುತ್ತಿದ್ದಾಗ, ಅವ್ವ, ಇಬ್ಬರು ಚಿಗವ್ವಂದಿರು ಮತ್ತು ನಾನು ಯಲಬುರ್ಗಾದಲ್ಲಿ ಬಸ್ಸು ಹತ್ತಿ, ಕೊಪ್ಪಳ, ಹೊಸಪೇಟೆ ದಾಟಿ ಹಂಪಿಗೆ ಹೋದೆವು. ವಿರೂಪಾಕ್ಷನ ದರ್ಶನವಾಯಿತು, ಹೇಮಕೂಟ ಹತ್ತಿ ಇಳಿದದ್ದಾಯಿತು. ಕಮಲ ಮಹಲಿನ ಆವರಣದ ಬಾಗಿಲಿಗೆ ಬಂದಾಗ ಟಿಕೆಟ್ ತಲಾ 40 ರೂಪಾಯಿ ಎಂದು ಗೊತ್ತಾಯಿತು. ನಾಲ್ವರಿಗೆ 160. ಅವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆಗ ಆಕೆಯ ಒಂದು ದಿನದ ಕಳೆಗೂಲಿ ಹೆಚ್ಚುಕಡಿಮೆ ಅಷ್ಟೇ ಇತ್ತು.

“ನೀ ಓದಾಕಿ, ನೀ ನೋಡಿ ಬಾ. ನಾವು ಇಲ್ಲೇ ಗಿಡದ ಬುಡಕ ಕುಂದರ್ತೀವಿ,” ಅಂದಳು.

ನಾನೊಬ್ಬಳೇ ಒಳಗೆ ಹೋದೆ. ಎತ್ತರದ ಗೋಡೆ, ಗೋಡೆಯೊಳಗೆ ಕತ್ತರಿಸಿ ಬಿಟ್ಟ ಹುಲ್ಲುಹಾಸು, ಅದರ ನಡುವೆ ಕಮಾನುಗಳ ಮಹಲು. ಹೊರಗೆ ಬಂದಾಗ ಮೂವರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. “ಒಳಗ ಏನೈತಿ?” ಎಂದು ಚಿಗವ್ವ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: “ಹುಲ್ಲಿಗೆ ನೀರು ಬಿಟ್ಟಾರ. ವಾಸನಿ ಇಲ್ಲಿ ತನಕ ಬರಾಕತ್ತೈತಿ.”

ಆ ಮಾತನ್ನು ಆಗ ನಕ್ಕು ಬಿಟ್ಟಿದ್ದೆ. ನಡುಗನ್ನಡ ಕಾವ್ಯದ ವರ್ಣನೆಗಳನ್ನು ಕುರಿತು ಪಿಎಚ್.ಡಿ.ಗೆ ಹೆಸರು ಹಚ್ಚಿ ಮೂರು ವರ್ಷವಾದ ಮೇಲೆ ಅದೇ ಮಾತು ನನ್ನ ಒಂದು ಅಧ್ಯಾಯಕ್ಕೆ ಅಡ್ಡ ನಿಂತಿದೆ. ಆ ತೊಡಕನ್ನೇ ಇಲ್ಲಿ ಬಿಡಿಸಿಕೊಳ್ಳಲು ನೋಡುತ್ತೇನೆ.

*

ಮೊದಲು ಒಂದು ಶಬ್ದ. ನಮ್ಮ ಕಡೆ ಮರಕ್ಕೂ ಗಿಡ ಎಂದೇ ಅನ್ನುತ್ತೇವೆ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಗಿಡದ ಬುಡ ಅಂದರೆ ಕೂರುವ ಜಾಗ. ತೋಟ ಅಂದರೆ ಹಾಗಲ್ಲ, ಅದಕ್ಕೆ ಒಡೆಯ ಇರುತ್ತಾನೆ, ಬೇಲಿ ಇರುತ್ತದೆ, ಬಾವಿಯೋ ಕಾಲುವೆಯೋ ಇರುತ್ತದೆ. ಇನ್ನು ‘ಉದ್ಯಾನವನ’ ಎಂಬುದು ಪುರಸಭೆಯ ಬೋರ್ಡಿನ ಮೇಲೆ ಮಾತ್ರ ಇರುವ ಮಾತು. ಉದ್ಯಾನವೂ ಅದೇ, ವನವೂ ಅದೇ, ಎರಡನ್ನೂ ಕೂಡಿಸಿ ಬರೆದರೂ ಯಾರ ಬಾಯಿಗೂ ಅದು ಬರಲಿಲ್ಲ. ಬಾಯಿಗೆ ಬಂದದ್ದು ‘ಪಾರ್ಕು’. 1948ರ ತನಕ ನಮ್ಮೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ರಾಜಧಾನಿಯ ನಾಂಪಲ್ಲಿಯಲ್ಲಿ ಈಗಲೂ ಇರುವ ದೊಡ್ಡ ತೋಟದ ಹೆಸರು ಬಾಗ್-ಎ-ಆಮ್. ಆಮ್ ಅಂದರೆ ಎಲ್ಲರ, ಸಾಮಾನ್ಯರ. ತೋಟಕ್ಕೆ ಹಾಗೆ ವಿಶೇಷಣ ಹಚ್ಚಬೇಕಾಯಿತು ಎಂಬುದನ್ನು ಗಮನಿಸಬೇಕು. ಹಚ್ಚದೆ ಬಿಟ್ಟರೆ ತೋಟ ಯಾರದೋ ಖಾಸಗಿಯದು ಎಂದೇ ಅರ್ಥ.

ಕನ್ನಡದ ಹಳೆಯ ಕಾವ್ಯ ಓದುವಾಗ ನಾವು ಈ ಬೇಲಿಯನ್ನು ಕಾಣುವುದೇ ಇಲ್ಲ. ಅದಕ್ಕೆ ಕಾರಣ ನಮಗೆ ಕಲಿಸಿದ ಓದಿನ ರೀತಿ. ದಂಡಿಯ ಕಾವ್ಯಾದರ್ಶದ ಕಾಲದಿಂದ ಮಹಾಕಾವ್ಯಕ್ಕೆ ಇರಬೇಕಾದ ವರ್ಣನೆಗಳ ಪಟ್ಟಿಯೊಂದಿದೆ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ ಹೀಗೆ ಹದಿನೆಂಟು. ತರಗತಿಯಲ್ಲಿ ಈ ಹದಿನೆಂಟನ್ನು ಬಾಯಿಪಾಠ ಮಾಡಿಸುತ್ತಾರೆ. ಆಮೇಲೆ, ‘ಇವು ಸಂಪ್ರದಾಯದ ಜಡ ಭಾಗ, ಕವಿಯ ನಿಜವಾದ ಶಕ್ತಿ ಬೇರೆ ಕಡೆ ಇದೆ’ ಎಂದು ದಾಟಿಸುತ್ತಾರೆ. ನಾನೂ ಹಾಗೆಯೇ ದಾಟಿದವಳು. ವರ್ಣನೆ ಬಂದ ಕೂಡಲೇ ಪುಟ ತಿರುವಿ, ಕತೆ ಎಲ್ಲಿ ಮುಂದುವರಿಯುತ್ತದೆ ಎಂದು ಹುಡುಕುತ್ತಿದ್ದೆ.

ಆದರೆ ಪಟ್ಟಿಯ ಕ್ರಮವನ್ನೇ ಒಮ್ಮೆ ನೋಡಿ. ಉದ್ಯಾನದ ಮಗ್ಗುಲಲ್ಲಿ ಜಲಕ್ರೀಡೆ, ಅದರ ಮಗ್ಗುಲಲ್ಲಿ ಮಧುಪಾನ, ಆಮೇಲೆ ಸುರತ. ಅಂದರೆ ಈ ತೋಟ ಪ್ರಕೃತಿಯ ಭಾಗವಾಗಿ ಬಂದದ್ದಲ್ಲ, ಅರಮನೆಯ ಹೊರಗಿನ ಒಂದು ಕೋಣೆಯಾಗಿ ಬಂದದ್ದು. ಬಿಡುವು ಉಳ್ಳವರ ಬಿಡುವಿಗೆ ಅಲ್ಲಿ ಜಾಗ. ತೋಟಕ್ಕೆ ಯಾರು ಬರಬಹುದು ಎಂಬುದು ವರ್ಣನೆ ಶುರುವಾಗುವ ಮೊದಲೇ ತೀರ್ಮಾನವಾಗಿ ಹೋಗಿದೆ. ಹಾಗಾದರೆ ಕವಿ ಆ ತೀರ್ಮಾನವನ್ನು ಹೇಗೆ ಒಪ್ಪುತ್ತಾನೆ, ಎಲ್ಲಿ ತಪ್ಪಿಸಿಕೊಳ್ಳುತ್ತಾನೆ ಎಂದು ಕೇಳಬಹುದಲ್ಲ? ಕೇಳಿದರೆ ನಾವು ತಿರುವಿ ಹಾಕಿದ ಪುಟಗಳೇ ಬೇರೆಯಾಗಿ ಕಾಣುತ್ತವೆ.

*

ಪಂಪನಿಂದ ಶುರು ಮಾಡೋಣ. 10ನೇ ಶತಮಾನದ ವಿಕ್ರಮಾರ್ಜುನ ವಿಜಯದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನ ಬನವಾಸಿಗೆ ಬರುತ್ತಾನೆ. ಆ ಭಾಗದ ಪದ್ಯಗಳು ಕನ್ನಡಿಗರಿಗೆಲ್ಲ ಪರಿಚಿತ. ನಾಡಗೀತೆಯಷ್ಟೇ ಸಲೀಸಾಗಿ ಸಭೆಗಳಲ್ಲಿ ಕೇಳಿಬರುತ್ತವೆ. ನಾಡಪ್ರೇಮದ ಪದ್ಯವೆಂದು ಅದನ್ನು ಹೊಗಳುವಾಗ ಅದರ ವಾದವನ್ನು ನಾವು ಗಮನಿಸುವುದು ಕಡಿಮೆ. ಪಂಪ ಹೇಳುವುದಿಷ್ಟು: ತ್ಯಾಗ, ಭೋಗ, ವಿದ್ಯೆ, ಗಾನ, ಗೋಷ್ಠಿ ಇವುಗಳ ಸುಖ ಉಳ್ಳವರೇ ಮನುಷ್ಯರು. ಅಂಥ ಮನುಷ್ಯರಾಗಿ ಅಲ್ಲಿ ಹುಟ್ಟಬೇಕು. ಅದು ಆಗದಿದ್ದರೆ ಆ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಆದರೂ ಹುಟ್ಟಬೇಕು.

ಇಲ್ಲಿ ಎರಡು ದರ್ಜೆಯ ಪ್ರವೇಶವಿದೆ. ಮೊದಲ ದರ್ಜೆ ಕೊಡುವ ಕೈ ಮತ್ತು ಅನುಭವಿಸುವ ಬಿಡುವು ಎರಡೂ ಇರುವವರಿಗೆ. ಎರಡನೆಯದು ದುಂಬಿ ಮತ್ತು ಕೋಗಿಲೆಗೆ. ಬೇಲಿಯನ್ನು ಕೇಳದೆ ದಾಟುವ ಜೀವಗಳು ಇವೆರಡೇ. ಪಂಪ ಈ ಸಾಲುಗಳನ್ನು ಬರೆದದ್ದು ಬನವಾಸಿಯಿಂದ ದೂರದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದುಕೊಂಡು. ದೂರ ಇರುವ ಕವಿಗೆ ತೋಟದೊಳಗೆ ಹೋಗಲು ಉಳಿದ ದಾರಿ ರೆಕ್ಕೆಯದು. ಹೀಗೆ ಓದಿದರೆ ಪದ್ಯದ ಹಂಬಲ ಕಡಿಮೆಯಾಗುವುದಿಲ್ಲ. ಮನುಷ್ಯನಾಗಿ ಬರಲು ಇಷ್ಟೆಲ್ಲ ಅರ್ಹತೆ ಬೇಕು, ದುಂಬಿಯಾಗಿ ಬರಲು ಏನೂ ಬೇಡ ಎಂಬ ಅರಿವು ಆ ಹಂಬಲದೊಳಗೇ ಇದೆ. ಆದರೆ ಮನುಷ್ಯನಾಗಿಯೇ, ಏನೂ ಇಲ್ಲದೆಯೇ, ಒಳಗೆ ಹೋಗುವ ಮೂರನೆಯ ಸಾಧ್ಯತೆ ಪಂಪನ ಪದ್ಯದಲ್ಲಿಲ್ಲ.

ಅದು ಬರುವುದು ಹಂಪಿಯಲ್ಲಿ, ಹರಿಹರನಲ್ಲಿ. ಹೊಯ್ಸಳರ ಆಸ್ಥಾನದ ಕರಣಿಕ ವೃತ್ತಿ ಬಿಟ್ಟು ಹಂಪಿಗೆ ಬಂದು ನಿಂತವನು ಎಂದು ಪರಂಪರೆ ಅವನನ್ನು ನೆನೆಯುತ್ತದೆ. ಅವನ ಗಿರಿಜಾಕಲ್ಯಾಣ ಚಂಪೂ ಕಾವ್ಯ. ಅಲ್ಲಿ ವಸಂತ ಬರುವುದು ಮನ್ಮಥನ ಜೊತೆಗಾರನಾಗಿ, ಶಿವನ ತಪಸ್ಸು ಕೆಡಿಸುವ ದಂಡಿನಂತೆ. ಅದೇ ಕವಿಯ ಪುಷ್ಪರಗಳೆಯಲ್ಲಿ ದಂಡಿಲ್ಲ, ರಾಜನಿಲ್ಲ, ವಿಹಾರವಿಲ್ಲ. ನಸುಕಿನಲ್ಲಿ ಹೂದೋಟಕ್ಕೆ ಹೋಗುವ ಒಬ್ಬ ಭಕ್ತನಿದ್ದಾನೆ. ಅವನು ಹೂಗಳನ್ನು ಮಾತಾಡಿಸುತ್ತಾನೆ, ನೋಯದಂತೆ ಬಿಡಿಸುತ್ತಾನೆ, ತಂದು ವಿರೂಪಾಕ್ಷನಿಗೆ ಏರಿಸುತ್ತಾನೆ. ಇಡೀ ರಗಳೆಯ ವಸ್ತು ಅಷ್ಟೇ.

ಈ ಬದಲಾವಣೆ ಛಂದಸ್ಸಿನಿಂದಲೇ ಶುರುವಾಗುತ್ತದೆ. ಚಂಪುವಿನ ವೃತ್ತ ಒಂದು ಕಡೆ ನಿಂತು ನೋಡುವವನಿಗೆ ಹೊಂದುತ್ತದೆ. ನಾಲ್ಕು ಸಾಲಿನಲ್ಲಿ ಒಂದು ಚಿತ್ರ ಕಟ್ಟಿ ನಿಲ್ಲಿಸುತ್ತದೆ. ರಗಳೆ ನಡೆಯುವ ಕಾಲಿನದು. ಒಂದು ಗಿಡದಿಂದ ಇನ್ನೊಂದಕ್ಕೆ, ಒಂದು ಹೂವಿನಿಂದ ಮತ್ತೊಂದಕ್ಕೆ ಸಾಲು ಸರಿಯುತ್ತದೆ, ನಿಲ್ಲುವುದೇ ಇಲ್ಲ. ಉದ್ಯಾನವರ್ಣನೆಯನ್ನು ನಿಂತ ಚಿತ್ರವಾಗಿ ಓದಿ ಅಭ್ಯಾಸವಾದ ನಮಗೆ ಹರಿಹರನ ತೋಟದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯನ ಕೈ ಕಾಣುತ್ತದೆ. ಅದು ಕೆಲಸ ಮಾಡುತ್ತಿರುವ ಕೈ. ಆ ತೋಟಕ್ಕೆ ಒಡೆಯ ಇಲ್ಲ ಎನ್ನಲಾಗದು. ಒಡೆಯ ವಿರೂಪಾಕ್ಷ. ನಮ್ಮ ಸೀಮೆಯ ಶಾಸನಗಳಲ್ಲೂ ಹೂದೋಟವೆಂದರೆ ಹೆಚ್ಚಾಗಿ ದೇವರಿಗೆ ಬಿಟ್ಟ ದತ್ತಿ, ಗದ್ದೆ ಗಾಣಗಳ ಸಾಲಿನಲ್ಲಿ ಅದೂ ಒಂದು. ಆದರೂ ಹರಿಹರನಲ್ಲಿ ಒಳಗೆ ಬರಲು ಬೇಕಾದ ಅರ್ಹತೆ ಬದಲಾಗಿದೆ. ಭೋಗದ ಜಾಗದಲ್ಲಿ ಬುಟ್ಟಿ ಬಂದಿದೆ.

ಇದೇ ಹರಿಹರನ ಸೋದರಳಿಯ ರಾಘವಾಂಕ. ಹರಿಶ್ಚಂದ್ರ ಕಾವ್ಯದಲ್ಲಿ ಬೇಟೆಗೆ ಬಂದ ರಾಜ ವಿಶ್ವಾಮಿತ್ರನ ಆಶ್ರಮದ ಹತ್ತಿರ ತಂಗುತ್ತಾನೆ. ಮುನಿ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ಅಲ್ಲಿಗೆ ಬಂದು ಹಾಡುತ್ತಾರೆ. ರಾಜ ಮೆಚ್ಚಿ ಉಡುಗೊರೆ ಕೊಡಲು ಬಂದರೆ ಅವರು ಬೆಳ್ಗೊಡೆ ಕೇಳುತ್ತಾರೆ. ಅದು ಕೊಡಲಾಗದು ಎಂದಾಗ, ಹಾಗಾದರೆ ನೀನೇ ಗಂಡನಾಗು ಎನ್ನುತ್ತಾರೆ. ಕುಲದ ಮಾತು ಬರುತ್ತದೆ. ಆಗ ಅವರು ಹೂಡುವ ವಾದ ಕನ್ನಡ ಕಾವ್ಯದ ದೊಡ್ಡ ಗಳಿಗೆಗಳಲ್ಲಿ ಒಂದು. ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ನಮ್ಮನ್ನು ನೋಡಿದ ಕಣ್ಣಿಗೆ ಇಲ್ಲ, ನಮ್ಮ ಮೈಯ ಮೇಲಿಂದ ಬಂದ ಗಾಳಿಯ ಗಂಧ ಹಿಡಿದ ಮೂಗಿಗೆ ಇಲ್ಲ, ಮುಟ್ಟುವುದಕ್ಕೆ ಮಾತ್ರ ಯಾಕೆ? ಇದಕ್ಕೆ ರಾಜನ ಬಳಿ ಉತ್ತರವಿಲ್ಲ. ಹೊಡೆಸಿ ಅಟ್ಟುತ್ತಾನೆ.

ಈ ಭಾಗವನ್ನು ಕುಲದ ಪ್ರಶ್ನೆಯಾಗಿ ನಮ್ಮ ವಿಮರ್ಶೆ ಮತ್ತೆ ಮತ್ತೆ ಓದಿದೆ. ಜಾಗದ ಪ್ರಶ್ನೆಯಾಗಿಯೂ ಓದಬಹುದು ಎಂಬುದು ನನ್ನ ಮಾತು. ಅರಮನೆಯ ಒಳಗೆ ಆಗಿದ್ದರೆ ಆ ಇಬ್ಬರು ರಾಜನ ಕಿವಿಯ ತನಕ ಬರುತ್ತಲೇ ಇರಲಿಲ್ಲ. ಬಾಗಿಲು, ಕಾವಲು ಅದನ್ನು ಮೊದಲೇ ನೋಡಿಕೊಳ್ಳುತ್ತಿದ್ದವು. ಗೋಡೆಯಿಲ್ಲದ ಬಯಲಿನಲ್ಲಿ ಹಾಡು, ಕಣ್ಣೋಟ, ಗಂಧ ಮೂರೂ ತಡೆಯಿಲ್ಲದೆ ದಾಟಿದವು. ದಾಟಲಾರದೆ ಉಳಿದದ್ದು ಮೈ ಒಂದೇ. ಅದಕ್ಕೆ ಗೋಡೆ ಇಲ್ಲದ ಕಡೆ ಕೋಲು ಬಂತು.

ಅವ್ವ ಕಮಲ ಮಹಲಿನ ಹೊರಗೆ ಕೂತು ಆಡಿದ ಮಾತು ನನಗೆ ಇಲ್ಲಿ ನೆನಪಾದದ್ದು. ವಾಸನೆ ಟಿಕೆಟ್ ಇಲ್ಲದೆ ಹೊರಗೆ ಬಂದಿತ್ತು. ಅವಳ ಮೈ ಒಳಗೆ ಹೋಗಲಿಲ್ಲ.

ನಲವತ್ತು ರೂಪಾಯಿಯ ಚೀಟಿಯನ್ನೂ ಮೈಲಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಸ್ಮಾರಕ ಕಾಯಲು ದುಡ್ಡು ಬೇಕು, ಹದಿನೈದರ ಕೆಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಕೊಟ್ಟವರಾರನ್ನೂ ಜಾತಿ ಕೇಳಿ ಹೊರಗಿಡುವುದಿಲ್ಲ. ಟಿಕೆಟ್ಟಿನ ದೊಡ್ಡ ಗುಣವೇ ಅದು. ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಆದದ್ದು ಪತ್ರಿಕೆಗಳಲ್ಲೆಲ್ಲ ಬಂತು. ದಲಿತ ಕುಟುಂಬದ ಎರಡು ವರ್ಷದ ಮಗು ಹನುಮಪ್ಪನ ಗುಡಿಯೊಳಗೆ ಓಡಿತು ಎಂದು ಶುದ್ಧೀಕರಣದ ಹೆಸರಿನಲ್ಲಿ ಮನೆಯವರಿಂದ ದಂಡ ಕೇಳಿದರು. ಆ ಗುಡಿಗೆ ಟಿಕೆಟ್ ಇರಲಿಲ್ಲ. ಅಂದಮೇಲೆ ‘ಉಚಿತ’ ಎಂಬ ಮಾತೊಂದರಿಂದ ಏನೂ ಗೊತ್ತಾಗುವುದಿಲ್ಲ. ಊರಿನ ಅರಳಿಕಟ್ಟೆಯೂ ಉಚಿತವೇ, ಅದರ ಮೇಲೆ ಯಾರು ಕೂರಬಹುದು ಎಂಬುದು ಊರಿಗೆಲ್ಲ ಗೊತ್ತು. ನಾನು ಹುಡುಕುತ್ತಿರುವುದು ದುಡ್ಡನ್ನೂ ಕುಲವನ್ನೂ ಎರಡನ್ನೂ ಕೇಳದ ಜಾಗವನ್ನು. ಪಂಪನ ಪದ್ಯದಲ್ಲಿ ಇಲ್ಲದ ಆ ಮೂರನೆಯ ಸಾಧ್ಯತೆಯನ್ನು.

*

ಹರಿಹರ, ರಾಘವಾಂಕರಾದ ಮೇಲೆ, 1336ರ ಈಚೆಗೆ, ಹಂಪಿ ವಿಜಯನಗರವಾಯಿತು. 1443ರಲ್ಲಿ ಬಂದ ಅಬ್ದುರ್ ರಝಾಕ್ ಒಂದರೊಳಗೊಂದು ಕೋಟೆಗೋಡೆಗಳಿರುವ ನಗರ ಕಂಡ. ಹೊರಗಿನ ಗೋಡೆಗಳ ನಡುವೆ ಹೊಲ, ಮನೆ, ತೋಟಗಳಿದ್ದವು ಎಂದು ಬರೆದ. ಗುಲಾಬಿ ಎಲ್ಲೆಡೆ ಮಾರಾಟಕ್ಕಿತ್ತು, ಊಟದಷ್ಟೇ ಅಗತ್ಯವೆಂದು ಜನ ಅದನ್ನು ಭಾವಿಸುತ್ತಿದ್ದರು ಎಂದೂ ಹೇಳಿದ. ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್ ನಗರದೊಳಗಿನ ಮರದ ತೋಪುಗಳನ್ನೂ ಅವುಗಳ ನಡುವೆ ಹರಿಯುವ ನೀರಿನ ಕಾಲುವೆಗಳನ್ನೂ ಕಂಡು ಬೆರಗಾದ. ಇವರ ಬರಹಗಳನ್ನು ವೈಭವಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುವುದು ರೂಢಿ. ನನಗೆ ಅದರಲ್ಲಿ ಮುಖ್ಯವೆನಿಸುವುದು ತೋಟಗಳು ಗೋಡೆಗಳ ನಡುವಿನ ಜಾಗದಲ್ಲಿದ್ದವು ಎಂಬುದು. ಒಳಗೋಡೆಯೊಳಗೆ ಅರಮನೆ, ಅದರ ಹೊರಗೆ ತೋಟ ಮಾಡುವ ಜನ. ಅರಮನೆಗಳು ಹಾಳಾದವು. ತುರ್ತಾ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತಿದೆ, ಬಾಳೆ ಕಬ್ಬು ಬೆಳೆಯುತ್ತಿವೆ. ವಿಜಯನಗರದಲ್ಲಿ ಇಂದಿಗೂ ಕೆಲಸ ಮಾಡುತ್ತಿರುವ ಕಟ್ಟಡವೆಂದರೆ ಈ ಕಾಲುವೆಗಳೇ. ಅವನ್ನು ನೋಡಲು ಟಿಕೆಟ್ ಇಲ್ಲ, ಪ್ರವಾಸಿಗರು ನೋಡುವುದೂ ಕಡಿಮೆ.

ನಮ್ಮೂರಿನ ಮಾತನ್ನೂ ಆಡಬೇಕು. ಯಲಬುರ್ಗಾ ಹಿಂದೆ ಎರಂಬರಗೆ, ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ರಾಜಧಾನಿಯಾಗಿದ್ದ ಊರಿನಲ್ಲಿ ನಾನು ಬೆಳೆಯುವಾಗ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂರುವಂಥ ಪಾರ್ಕು ಇರಲಿಲ್ಲ. ನಮಗೆ ಇದ್ದದ್ದು ಇಟಗಿ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಊರು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅಲ್ಲಿದೆ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಶಾಲೆಯಿಂದ ನಮ್ಮನ್ನು ಚಕ್ರವರ್ತಿಯನ್ನು ನೋಡಲು ಕರೆದೊಯ್ದರು. ನಾವು ಕಂಬ ನೋಡಿದ್ದಕ್ಕಿಂತ ಹುಲ್ಲಿನ ಮೇಲೆ ಉರುಳಾಡಿದ್ದು ಹೆಚ್ಚು. ಎರೆಹೊಲದ ಬಿರುಕುಗಳ ನಾಡಿನಲ್ಲಿ ಬರಿಗಾಲಿಗೆ ತಂಪು ಹತ್ತುವ ನೆಲ ನಮಗೆ ಅದೇ ಮೊದಲು. ಒಬ್ಬರೂ ದುಡ್ಡು ಕೇಳಲಿಲ್ಲ. ಚಾಲುಕ್ಯ ಶಿಲ್ಪದ ಮೇಲೆ ಪ್ರಬಂಧ ಬರೆಯುವವರು ಆ ಹುಲ್ಲಿನ ವಿಚಾರ ಬರೆಯುವುದಿಲ್ಲ. ಆ ಊರಿನ ಮಕ್ಕಳಿಗೆ ಗುಡಿಯ ದೊಡ್ಡ ಕೊಡುಗೆ ಹುಲ್ಲೇ ಆಗಿರಬಹುದು.

*

ಬೆಂಗಳೂರಿಗೆ ಬಂದದ್ದು ಹಳೆಯ ಮುದ್ರಣಗಳನ್ನು ಹುಡುಕಿಕೊಂಡು. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಗ್ರಂಥಾಲಯದಷ್ಟೇ ಹೊತ್ತು ಹೊರಗಿನ ಮರಗಳ ಕೆಳಗೂ ಕಳೆಯುತ್ತಿದ್ದೆ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದ ಕಾಲ. ಹೋಟೆಲಿನಲ್ಲಿ ಒಂದು ಚಹಾ ಕುಡಿದು ಎರಡು ತಾಸು ಕೂತರೆ ಮಾಣಿ ಮೇಜು ಒರೆಸಲು ಬರುತ್ತಾನೆ. ಪಾರ್ಕಿನ ಕಲ್ಲುಬೆಂಚು ಹಾಗೆ ಮಾಡುವುದಿಲ್ಲ.

ಈ ಪಾರ್ಕು 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಾಯಿತು. ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ಉಳಿಯಿತು. ಅದಕ್ಕಿಂತ ಹಳೆಯದು ಹೈದರಾಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್, ಅದು ದೊರೆಯ ಸ್ವಂತದ ತೋಟ. ಇಂದು ಲಾಲ್‌ಬಾಗಿಗೆ ಟಿಕೆಟ್ ಇದೆ, ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಇಲ್ಲ. ಈ ಸಣ್ಣ ವಿನಾಯಿತಿಯಲ್ಲಿ ದೊಡ್ಡ ಸಂಗತಿಯೊಂದಿದೆ. ನಸುಕಿಗೆ ಎದ್ದು ಹೋಗಲು ಮನೆ ಹತ್ತಿರದಲ್ಲಿರಬೇಕು. ಯಲಬುರ್ಗಾದಿಂದ ರಾತ್ರಿ ಬಸ್ಸಿಗೆ ಬಂದಿಳಿದವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಉಚಿತದ ಹೊತ್ತು ಮುಗಿದಿರುತ್ತದೆ. ಹತ್ತಿರದವರಿಗೆ ಪುಕ್ಕಟೆ, ದೂರದವರಿಗೆ ದುಡ್ಡು. ಬನವಾಸಿಯಿಂದ ದೂರ ಇದ್ದ ಪಂಪನಿಗೆ ಇದು ಅರ್ಥವಾಗುತ್ತಿತ್ತು.

ಹೆಣ್ಣಾಗಿ ಒಬ್ಬಳೇ ಕೂರುವ ಪ್ರಶ್ನೆ ಬೇರೆ. ಬೇರೊಂದು ಊರಿನ ಒಂದು ಪಾರ್ಕಿನಲ್ಲಿ ಒಮ್ಮೆ ಕಾವಲುಗಾರ ಮೂರು ಸಲ ಬಂದು “ಯಾರಿಗೆ ಕಾಯಾಕತ್ತೀರಿ?” ಎಂದು ಕೇಳಿದ. ಯಾರಿಗೂ ಇಲ್ಲ ಎಂದರೆ ನಂಬಲಿಲ್ಲ. ನಾಲ್ಕನೆಯ ಸಲ ಬರುವ ಮೊದಲು ಎದ್ದು ಬಂದೆ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮುಂಬಯಿಯ ಹೆಂಗಸರನ್ನು ಕುರಿತು 2011ರಲ್ಲಿ ಬರೆದ ‘ವೈ ಲಾಯ್ಟರ್’ ಪುಸ್ತಕ ಇದನ್ನೇ ಹೇಳುತ್ತದೆ. ಹೆಣ್ಣು ಹೊರಗೆ ಇರಬೇಕಾದರೆ ಒಂದು ಕೆಲಸ ತೋರಿಸಬೇಕು, ಕೆಲಸವಿಲ್ಲದೆ ಸುಮ್ಮನೆ ಇರುವುದೇ ಅವಳು ಕೇಳಬೇಕಾದ ಹಕ್ಕು. ಕನ್ನಡದಲ್ಲಿ ಹಾಗೆ ಒಂಟಿಯಾಗಿ ತಿರುಗಿದವಳು ಅಕ್ಕಮಹಾದೇವಿ. ಅವಳು ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ. ಪಂಪ ಯಾವ ದುಂಬಿ, ಕೋಗಿಲೆಯಾಗಲು ಹಂಬಲಿಸಿದನೋ ಅವನ್ನೇ ಅವಳು ಸರೀಕರಂತೆ ಮಾತಾಡಿಸುತ್ತಾಳೆ. ಅವಳಿರುವುದು ಉದ್ಯಾನದಲ್ಲಲ್ಲ, ಅಡವಿಯಲ್ಲಿ. ಆದರೆ ಅವಳನ್ನು ‘ಯಾರಿಗೆ ಕಾಯುತ್ತಿದ್ದೀಯ’ ಎಂದು ಕೇಳಿದರೆ ಉತ್ತರ ಸಿದ್ಧವಿದೆ, ಚೆನ್ನಮಲ್ಲಿಕಾರ್ಜುನನಿಗೆ ಎಂದು. ನನ್ನ ಬಳಿ ಅಂಥ ಉತ್ತರವಿಲ್ಲ. ಅಕ್ಕನ ಸ್ವಾತಂತ್ರ್ಯವನ್ನು ಇವತ್ತಿನ ಪಾರ್ಕಿಗೆ ನೇರವಾಗಿ ತರಲು ಹೋಗುವ ವಿಮರ್ಶೆ ಈ ಅಂತರವನ್ನು ಮರೆಯಬಾರದು.

ಬೆಂಗಳೂರಿನಲ್ಲಿ ಪಾರ್ಕಿಲ್ಲದವರು ಎಲ್ಲಿ ಕೂರುತ್ತಿದ್ದರು? ಇದಕ್ಕೆ ಕನ್ನಡದಲ್ಲಿ ಸಿಗುವ ಅತ್ಯಂತ ನೇರವಾದ ಉತ್ತರ ಸಿದ್ಧಲಿಂಗಯ್ಯನವರ ‘ಊರುಕೇರಿ’. ಶ್ರೀರಾಮಪುರದ ಹುಡುಗ ಸ್ಮಶಾನವನ್ನು ತನ್ನ ಓದಿನ ಮನೆ ಮಾಡಿಕೊಂಡ ಪ್ರಸಂಗಗಳನ್ನು ಅವರು ನಗುತ್ತಾ ಹೇಳುತ್ತಾರೆ. ಇಕ್ಕಟ್ಟಿನ ಮನೆಯವನಿಗೆ ನೆರಳು, ಮೌನ, ಕೂರಲು ಕಲ್ಲು ಮೂರೂ ಸಿಕ್ಕ ಜಾಗ ಗೋರಿಗಳ ನಡುವಿನದು. ಅಲ್ಲಿಂದ ಎದ್ದು ಹೋಗು ಎನ್ನುವವರಿಲ್ಲ. ಆ ನಗೆಯನ್ನು ಅವರ ಹಾಸ್ಯಪ್ರವೃತ್ತಿಗೆ ಮಾತ್ರ ಒಪ್ಪಿಸಿ ಸುಮ್ಮನಾಗುವುದು ಸುಲಭ. ರಾಘವಾಂಕನ ಪಕ್ಕದಲ್ಲಿಟ್ಟು ಓದಿದರೆ ಅದು ಸುಲಭವಾಗುವುದಿಲ್ಲ. ಹೊಲತಿಯರನ್ನು ಹೊಡೆಸಿ ಅಟ್ಟಿದ ಹರಿಶ್ಚಂದ್ರ ಕೊನೆಗೆ ಕಾಶಿಯಲ್ಲಿ ವೀರಬಾಹುಕನ ಆಳಾಗಿ ಸುಡುಗಾಡು ಕಾಯುತ್ತಾನೆ. ರಾಜನಿಗೆ ಅದು ಪತನದ ತುದಿ. ಸಿದ್ಧಲಿಂಗಯ್ಯನವರಿಗೆ ಅದೇ ಬಗೆಯ ಜಾಗ ಓದಿನ ಮೊದಲು. ಹರಿಶ್ಚಂದ್ರ ಘಾಟ್ ಎಂಬ ಹೆಸರಿನ ಸ್ಮಶಾನ ಶ್ರೀರಾಮಪುರದ ಹತ್ತಿರವೇ ಇರುವುದು ಕಾಕತಾಳೀಯ ಇರಬಹುದು. ಆದರೆ ನಗರದ ಉದ್ಯಾನಗಳನ್ನು ಹೊಗಳಿ ಬರೆಯುವಾಗ ಈ ಇನ್ನೊಂದು ಉದ್ಯಾನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬರಹ ಅರ್ಧವೇ.

2023ರಿಂದ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಜನ ಸೇರಿ ಸುಮ್ಮನೆ ಓದುವ ‘ಕಬ್ಬನ್ ರೀಡ್ಸ್’ ನಡೆಯುತ್ತಿದೆ. ಚಾಪೆ ಹಾಸಿಕೊಂಡು ಅವರವರ ಪುಸ್ತಕ ಅವರವರು ಓದುವುದು. ಒಂದು ಶನಿವಾರ ನಾನೂ ಹರಿಹರನ ರಗಳೆಗಳನ್ನು ಹಿಡಿದು ಕೂತಿದ್ದೆ. ಏನು ಓದುತ್ತಿದ್ದೀರಿ ಎಂದು ಕೇಳಿದರು, ಯಾಕೆ ಕೂತಿದ್ದೀರಿ ಎಂದು ಕೇಳಲಿಲ್ಲ. ಪಂಪನ ಪದ್ಯದಲ್ಲಿಲ್ಲದ ಮೂರನೆಯ ಸಾಧ್ಯತೆ ಸಿಕ್ಕಿತು ಎಂದುಕೊಂಡೆ. ಅಧ್ಯಾಯದ ಕೊನೆಯ ಪುಟ ಅವತ್ತು ರಾತ್ರಿ ಬರೆದು ಮುಗಿಸಿದೆ. ಹರಿಹರನ ಬುಟ್ಟಿಯಿಂದ ಕಬ್ಬನ್ ಪಾರ್ಕಿನ ಬೆಂಚಿನ ತನಕ ಒಂದು ಗೆರೆ ಎಳೆದಿದ್ದೆ.

*

ಹೋದ ವರ್ಷ ಅವ್ವ ತಮ್ಮನ ಮನೆಗೆ ಬೆಂಗಳೂರಿಗೆ ಬಂದಾಗ ಅವಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ದೆ. ಹಂಪಿಯ ಬಾಕಿ ತೀರಿಸಿದ ಹಾಗೆ ನನಗೆ ಸಂಭ್ರಮ. ಬಾಗಿಲಲ್ಲಿ ಅವಳು ಸೆರಗಿನ ಗಂಟಿಗೆ ಕೈ ಹಾಕಿದಳು. ಇಲ್ಲಿ ದುಡ್ಡಿಲ್ಲ ಬಾ ಎಂದೆ. ದೊಡ್ಡ ಮರವೊಂದರ ಕೆಳಗೆ ಕೂತೆವು. ಬಹಳ ಹೊತ್ತು ಸುಮ್ಮನೆ ನೋಡಿದಳು.

“ಯಾರ್ದವಾ ಇದು?”

“ಯಾರ್ದೂ ಅಲ್ಲವಾ. ಎಲ್ಲಾರ್ದು.”

“ಎಲ್ಲಾರ್ದು ಅಂದ್ರ ನೀರು ಹಾಕೋರು ಯಾರು?”

ಸರ್ಕಾರ ಎಂದೆ. ಆಕೆಗೆ ಆ ಉತ್ತರ ಸಾಲಲಿಲ್ಲ. ಸ್ವಲ್ಪ ದೂರದಲ್ಲಿ ಹೆಂಗಸೊಬ್ಬಳು ಬಗ್ಗಿ ಒಣಗಿದ ಎಲೆ ಗುಡಿಸಿ ಗುಡ್ಡೆ ಹಾಕುತ್ತಿದ್ದಳು. ಅವ್ವ ಎದ್ದು ಅತ್ತ ಹೋದಳು. ಅರ್ಧ ತಾಸು ಇಬ್ಬರೂ ನಿಂತು ಮಾತಾಡಿದರು. ಬಂದ ಮೇಲೆ ಹೇಳಿದಳು, ಆ ಹೆಂಗಸಿನ ಊರು ಯಾವುದು, ಮಕ್ಕಳೆಷ್ಟು, ಕೂಲಿ ಎಷ್ಟು, ಮಧ್ಯಾಹ್ನ ಬುತ್ತಿ ಎಲ್ಲಿ ಕೂತು ಉಣ್ಣುತ್ತಾಳೆ, ಎಲ್ಲ. ನಾನು ಅದೇ ದಾರಿಯಲ್ಲಿ ತಿಂಗಳುಗಟ್ಟಲೆ ಓಡಾಡಿದ್ದೆ. ಆ ಹೆಂಗಸನ್ನು ನೋಡಿದ ನೆನಪೇ ನನಗಿಲ್ಲ.

ಊರಿಗೆ ಬಂದು ಪುಷ್ಪರಗಳೆಯನ್ನು ಮತ್ತೆ ತೆಗೆದೆ. ತೋಟದಲ್ಲಿ ಮನುಷ್ಯನ ಕೈ ಕಂಡಿತು ಎಂದು ನಾನು ಬರೆದದ್ದು ಸುಳ್ಳಲ್ಲ, ಆದರೆ ಆ ಕೈ ಹೂ ಬಿಡಿಸುವ ಕೈ. ಅಷ್ಟೊಂದು ಹೂ ಬಿಡುವಂತೆ ಪಾತಿ ಮಾಡಿ ನೀರೆತ್ತಿದ ಕೈಗಳನ್ನು ಹುಡುಕಲು ನನಗೆ ಹೊಳೆದೇ ಇರಲಿಲ್ಲ. ಯಾರಿಗೆ ಪ್ರವೇಶ ಎಂದು ನಾನು ಕೇಳುತ್ತಾ ಬಂದದ್ದು ತೋಟಕ್ಕೆ ಹೊರಗಿನಿಂದ ಬರುವವಳ ಪ್ರಶ್ನೆ. ಅವ್ವ ಕೇಳಿದ್ದು ಬೆಳಗಿನಿಂದ ಒಳಗೇ ಇರುವವರ ಪ್ರಶ್ನೆ. ಹಂಪಿಯಲ್ಲೂ ಅವಳಿಗೆ ಮೊದಲು ತಿಳಿದದ್ದು ಹುಲ್ಲಿಗೆ ಯಾರೋ ನೀರು ಬಿಟ್ಟಿದ್ದಾರೆ ಎಂಬುದು. ನಾನು ಅದರಲ್ಲಿ ವಾಸನೆಯನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಮುಗಿದಿದ್ದ ಅಧ್ಯಾಯವನ್ನು ಮಾರ್ಗದರ್ಶಕರಿಗೆ ಇನ್ನೂ ಒಪ್ಪಿಸಿಲ್ಲ. ಹೂದೋಟ ದತ್ತಿಯ ಶಾಸನಗಳನ್ನು ಈಗ ಮೊದಲಿನಿಂದ ಓದುತ್ತಿದ್ದೇನೆ, ಕೊಟ್ಟವರ ಹೆಸರುಗಳನ್ನು ದಾಟಿ, ಆ ತೋಟದಲ್ಲಿ ದುಡಿದವರ ಮಾತು ಎಲ್ಲಾದರೂ ಇದೆಯೇ ಎಂದು.